ಗೋಡೆ ಹಿಂದಿನ ಕೈಗಳು

ಬಂಡೆಕ್ಕನ ಹೊಲಿಗೆ ಮಿಷನ್ನಿನ ಹಣೆಗೆ ಹರಾಜಿನ ಚೀಟಿ ಅಂಟಿಸಿದ್ದರು.

ಚೀಟಿ ಎಲ್ಲದಕ್ಕೂ ಇತ್ತು ಬಿಡಿ. ಕುರ್ಚಿಗೆ ಚೀಟಿ, ಮೇಜಿಗೆ ಚೀಟಿ, ಗೋಡೆ ಗಡಿಯಾರಕ್ಕೆ ಚೀಟಿ, ಕಸದ ಬುಟ್ಟಿಗೂ ಒಂದು ಚೀಟಿ. ದಿವಾಳಿಯೆದ್ದ ಕಂಪನಿ. ಬಟ್ಟೆ ಒಗೆದು, ಹಿಂಡಿ, ಒಣಗಿಸಿಯೂ ಕೊಡುವ ಮಿಷನ್ನು ಮಾಡುತ್ತೇವೆಂದು ಊರೆಲ್ಲ ಡಂಗುರ ಹೊಡೆದಿತ್ತು. ಇವತ್ತು ಅದರ ಇದ್ದಬದ್ದದ್ದೆಲ್ಲ ಹರಾಜು. ಹರಾಜಾಗಲಿ, ಬಂಡೆಕ್ಕನ ಗಂಟೇನು ಹೋಗಬೇಕು? ಆದರೆ ಆ ಹೊಲಿಗೆ ಮಿಷನ್ನು ಕಂಪನಿಯದಲ್ಲ. ಅವಳದು. ಅವಳ ಸೋದರತ್ತೆ ಸಾಯುವ ಮುಂಚೆ ಕೈಯಾರೆ ಕೊಟ್ಟುಹೋದದ್ದು. ಕಬ್ಬಿಣದ ಕಾಲು, ಕಪ್ಪು ಮೈ, ಕಾಲಲ್ಲಿ ತುಳಿದು ಓಡಿಸುವಂಥದ್ದು. ಬಿಡುವಿದ್ದಾಗ ಒಗೆಯುವ ಮಿಷನ್ನುಗಳಿಗೆ ಬಟ್ಟೆಯ ಮುಸುಕು ಹೊಲಿಯಬೇಕು, ಸದ್ಯಕ್ಕೆ ನಿನ್ನದೇ ತಂದುಬಿಡು, ಹೊಸದು ಬಂದಮೇಲೆ ವಾಪಸ್ ಒಯ್ಯುವೆಯಂತೆ ಎಂದು ಕಂಪನಿಯವರೇ ಹೇಳಿದ್ದರು. ಅವಳು ಕೈಗಾಡಿಯಲ್ಲಿ ತಳ್ಳಿಕೊಂಡು ತಂದಿದ್ದಳು. ಹೊಸದು ಬರಲಿಲ್ಲ. ಒಂದು ಬೆಳಿಗ್ಗೆ ಬಂದು ನೋಡಿದರೆ ಗೇಟಿಗೆ ಬೀಗ. ಮಿಷನ್ನು ಒಳಗೆ, ಇವಳು ಹೊರಗೆ.

ಅಂದಿನಿಂದ ಅವಳು ಗೇಟಿಗೆ ಅಲೆದದ್ದೇ ಅಲೆದದ್ದು. ಕಾವಲುಗಾರ ಕೆಟ್ಟವನೇನಲ್ಲ. ನಾಳೆ ಬಾ ಅಕ್ಕಾ ಅನ್ನುತ್ತಿದ್ದ. ನಾಳೆ ಹೋದರೆ ಮತ್ತೆ ನಾಳೆ. ಅಷ್ಟರಲ್ಲಿ ಪಕ್ಕದ ಬೀದಿಯ ಪರದೆ ಅಂಗಡಿಯವನು ಹೊಲಿಗೆ ಕೆಲಸ ಕೊಡುತ್ತೇನೆಂದ. ಸ್ವಂತ ಮಿಷನ್ನು ಇರಬೇಕು ಎಂದೂ ಅಂದ. ಇದೆ, ಇದೆ ಎಂದು ಎದೆ ತಟ್ಟಿ ಹೇಳಿ ಬಂದಿದ್ದಳು ಬಂಡೆಕ್ಕ. ಎಲ್ಲಿದೆ ಎಂಬುದನ್ನು ಮಾತ್ರ ಹೇಳಿರಲಿಲ್ಲ. ಈ ಹರಾಜಿನಲ್ಲಿ ಅದು ಇನ್ಯಾರದೋ ಪಾಲಾದರೆ ಪರದೆ ಕೆಲಸ ಹೋಯಿತು. ಅವಳ ಪಾಲಿಗೆ ಉಳಿಯುವುದು ಕೈಸೂಜಿ ಒಂದೇ.

ಬಂಡೆಕ್ಕ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಅದಕ್ಕೊಂದು ಕಥೆ ಇದೆ. ಆ ಕಥೆ ಹೇಳದಿದ್ದರೆ ಇವತ್ತು ನಡೆದದ್ದು ಯಾರಿಗೂ ಅರ್ಥವಾಗುವುದಿಲ್ಲ.

ಬಟ್ಟೆ ಒಗೆಯುವ ಮಿಷನ್ನಿನ ಹೊಟ್ಟೆಯಲ್ಲಿ ಒಂದು ಭಾರದ ಕಲ್ಲು ಇರುತ್ತದೆ. ಹಿಂಡುವಾಗ ಡ್ರಮ್ಮು ಗರಗರ ತಿರುಗುತ್ತದಲ್ಲ, ಆಗ ಮಿಷನ್ನು ಎದ್ದು ಕುಣಿಯಬಾರದು ಎಂದು. ಕಂಪನಿ ಕಟ್ಟಿದ ಚಿಕ್ಕ ಧಣಿಯ ಕಣ್ಣಿಗೆ ಆ ಕಲ್ಲು ಬಿತ್ತು. ಇದೊಂದು ದಂಡ, ತೆಗೀರಿ ಎಂದ. ತೆಗೆದರು. ಹೂವಿನಷ್ಟು ಹಗುರ ಎಂದು ಊರ ತುಂಬ ಬೋರ್ಡು ಹಾಕಿಸಿದ. ಹಗುರವೇನೋ ಆಯಿತು. ಹಿಂಡುವ ಹೊತ್ತಿಗೆ ಮಿಷನ್ನು ಜಿಗಿದು, ಅಡ್ಡಾಡಿ, ಎದುರಿಗೆ ಸಿಕ್ಕವರ ಮೊಣಕಾಲು ಒಡೆಯಿತು. ಕಲ್ಲು ವಾಪಸ್ ಹಾಕೋಣ ಎಂದರೆ ಧಣಿಯ ಮರ್ಯಾದೆ ಹೋಗುತ್ತದೆ. ಅದಕ್ಕೊಂದು ಉಪಾಯ ಹೂಡಿದರು. ಮಿಷನ್ನು ತೋರಿಸುವ ದೊಡ್ಡ ಕೋಣೆಯಲ್ಲಿ ಪ್ಲೈವುಡ್ಡಿನ ಸುಳ್ಳು ಗೋಡೆ ಎಬ್ಬಿಸಿದರು. ನೋಡಿದವರಿಗೆ ಅಚ್ಚುಕಟ್ಟಾದ ಅಡುಗೆಮನೆ. ಗೋಡೆಗೆ ಒತ್ತಿ ಮಿಷನ್ನುಗಳ ಸಾಲು, ನಡುನಡುವೆ ಮರೆಗೆ ಹಲಗೆ. ಒಂದೊಂದು ಮಿಷನ್ನಿನ ಹಿಂದೆ, ಗೋಡೆಯಲ್ಲಿ, ತೋಳು ತೂರುವಷ್ಟು ಎರಡು ತೂತು. ತೂತಿನ ಆಚೆ ಒಬ್ಬೊಬ್ಬ ಹೆಂಗಸು.

ಕಲ್ಲಾದರೆ ದುಡ್ಡು ಕೊಟ್ಟು ತರಬೇಕು, ಹೊರಬೇಕು. ಹೆಂಗಸಾದರೆ ಬೆಳಿಗ್ಗೆ ತಾನೇ ನಡೆದು ಬರುತ್ತಾಳೆ, ಸಂಜೆ ತಾನೇ ನಡೆದು ಹೋಗುತ್ತಾಳೆ.

ಕೆಲಸಕ್ಕೆ ಸೇರಿಸುವಾಗ ಓದು ಕೇಳಲಿಲ್ಲ, ಬರಹ ಕೇಳಲಿಲ್ಲ. ಅಕ್ಕಿ ಮೂಟೆ ತೂಗುವಂತೆ ತೂಕದ ಮಿಷನ್ ಹತ್ತಿಸಿದರು. ಭಾರ ಇದ್ದವರು ಒಳಗೆ, ಇಲ್ಲದವರು ಮನೆಗೆ. ಬಂಡೆಕ್ಕನ ನಾದಿನಿ, ಕಡ್ಡಿ ಎಂದೇ ಎಲ್ಲರೂ ಕರೆಯುವ ಸಣಕಲಿ, ಬಟ್ಟೆಯೊಳಗೆ ಸೊಂಟಕ್ಕೆ ಇಸ್ತ್ರಿ ಪೆಟ್ಟಿಗೆ ಕಟ್ಟಿಕೊಂಡು ಹತ್ತಿ ಪಾಸಾದಳು. ಬಂಡೆಕ್ಕನಿಗೆ ಅಂಥದ್ದೇನೂ ಬೇಕಾಗಲಿಲ್ಲ. ಮೊದಲ ದಿನ ಮಿಷನ್ನು ತಬ್ಬಿ ನಿಂತಾಗ ಅದು ಒಂದಿಷ್ಟೂ ಅಲುಗಾಡಲಿಲ್ಲ. ಇದು ಹೆಂಗಸಲ್ಲ, ಬಂಡೆ ಎಂದ ಮೇಲ್ವಿಚಾರಕ. ಎಲ್ಲರೆದುರು ಅಂದ. ಗಂಡಸರು ಹಲ್ಲು ಕಿರಿದರು. ಅವಳ ಕಿವಿ ಕಾದುಹೋಯಿತು. ಅವಳ ಜೊತೆಯ ಹೆಂಗಸರು ಆ ಬಂಡೆಗೆ ಅಕ್ಕ ಸೇರಿಸಿ, ಬೈಗುಳವನ್ನು ಹೆಸರು ಮಾಡಿಕೊಂಡರು.

ಕೆಲಸ ಏನು ಅಂತೀರಿ? ತಬ್ಬುವುದು. ಎದೆ ಕೊಟ್ಟು, ಕೆನ್ನೆ ಕೊಟ್ಟು, ತೋಳು ತೂರಿಸಿ ತಬ್ಬುವುದು. ಹಿಂಡುವಾಗ ಹಲ್ಲಿಗೆ ಹಲ್ಲು ಬಡಿಯುತ್ತಿತ್ತು. ಒಣಗಿಸುವಾಗ ಮಿಷನ್ನಿನ ಬೆನ್ನ ತಗಡು ಕಾಯುತ್ತಿತ್ತು. ಎಲ್ಲರ ಮುಂಗೈಯಲ್ಲೂ ಸುಟ್ಟ ಪಟ್ಟಿ. ಮನೆಗೆ ಹೋದರೂ ಮೈ ನಿಲ್ಲುತ್ತಿರಲಿಲ್ಲ. ಲೋಟ ಹಿಡಿದರೆ ನೀರು ಚೆಲ್ಲುತ್ತಿತ್ತು. ನಡುವೆ ಉಚ್ಚೆಗೆ ಬಿಡುತ್ತಿರಲಿಲ್ಲ. ಒಂದು ದಿನ ದೊಡ್ಡಮ್ಮ, ಅವರಲ್ಲೆಲ್ಲ ಹಿರಿಯಳು, ನಿಂತಲ್ಲೇ ಒದ್ದೆಯಾದಳು. ನೀರು ಗೋಡೆಯಡಿ ಹರಿದು ಆಚೆ ಬಂತು. ಮಿಷನ್ನು ಸ್ವಲ್ಪ ಸೋರುತ್ತದೆ ಎಂದು ನೋಡಲು ಬಂದ ದೊಡ್ಡವರು ಗೊಣಗಿಕೊಂಡು ಹೋದರು. ದೊಡ್ಡಮ್ಮ ಒಂದು ವಾರ ಯಾರ ಮುಖವನ್ನೂ ನೋಡಲಿಲ್ಲ.

ಇದರ ಮೇಲೆ ಇನ್ನೊಂದು ಪೀಡೆ. ನಗು. ಅಷ್ಟು ಹೊತ್ತು ಮೈಯೆಲ್ಲ ಗುಡುಗುಡು ಅಲುಗಿದರೆ ಹೊಟ್ಟೆಯ ಆಳದಿಂದ ನಗು ಏಳುತ್ತದೆ. ಸಂತೋಷಕ್ಕಲ್ಲ. ಸುಮ್ಮನೆ ಏಳುತ್ತದೆ. ಒಬ್ಬಳಿಗೆ ಬಂದರೆ ಸಾಲಿಗೆಲ್ಲ ಬರುತ್ತದೆ. ಸತ್ತವರ ಮನೆಯ ಸುದ್ದಿ ನೆನೆಸಿಕೊಂಡರೂ ನಿಲ್ಲುವುದಿಲ್ಲ. ಒಮ್ಮೆ ದುಡ್ಡು ಹಾಕುವವರು ಬಂದಿದ್ದಾಗ ಕಡ್ಡಿ ಕಿಸಕ್ಕೆಂದಳು. ಚಿಕ್ಕ ಧಣಿ, ಅದು ಮಿಷನ್ನಿನ ಹೊಸ ಸಂಗೀತ ಎಂದು ಅವರಿಗೆ ಕಿವಿಯ ಮೇಲೆ ಹೂವಿಟ್ಟ. ಅವರು ತಲೆದೂಗಿದರು. ಸಂಜೆ ಮೇಲ್ವಿಚಾರಕ ಗೋಡೆಯ ಹಿಂದೆ ಬಂದು, ಇನ್ನು ಮೇಲೆ ಕೆಲಸದ ಹೊತ್ತಲ್ಲಿ ಎಲ್ಲರೂ ಬಾಯಿಗೆ ಬಟ್ಟೆ ತುರುಕಿಕೊಳ್ಳಬೇಕು ಎಂದ. ಗೋಡೆ ಮಾತಾಡಬಾರದು, ಗೋಡೆ ನಗಬಾರದು. ಅದೇ ಸಂಜೆ ಚಿಕ್ಕ ಧಣಿ ಒಂದು ಬಣ್ಣದ ಬ್ಯಾನರು ಕಟ್ಟಿಸಿದ. ನಾವೆಲ್ಲ ಒಂದೇ ಸಂಸಾರ ಎಂದು ಅದರಲ್ಲಿ ಬರೆದಿತ್ತು. ಆಮೇಲೆ ಸಂಸಾರಕ್ಕೆಲ್ಲ ಟೋಪಿ ಹಾಕಿ ಕಂಬಿ ಕಿತ್ತ.

ಈಗ ಇವತ್ತಿಗೆ ಬರೋಣ.

ಕಂಪನಿಯ ವ್ಯವಹಾರ ಮುಗಿಸಲು ಬಂದಿದ್ದ ಅಧಿಕಾರಿಗೆ ಹೆಂಗಸರು ಮುಚ್ಚೋ ಸಾಹೇಬ ಎಂದು ಹೆಸರಿಟ್ಟಿದ್ದರು. ನಯವಾದ ಮನುಷ್ಯ. ಬೆಳಿಗ್ಗೆಯೇ ಹೋಗಿ ಎದುರು ನಿಂತ ಬಂಡೆಕ್ಕನಿಗೆ ಕೂತುಕೊಳ್ಳಮ್ಮ ಎಂದ. ಕೂರಲು ಇದ್ದ ಕುರ್ಚಿಗೆಲ್ಲ ಚೀಟಿ ಅಂಟಿತ್ತು, ಅವಳು ನಿಂತೇ ಮಾತಾಡಿದಳು. ಅವನು ಎಲ್ಲವನ್ನೂ ಕೇಳಿದ. ಕೊನೆಗೆ, ಕಾಂಪೌಂಡಿನ ಒಳಗೆ ಇದ್ದದ್ದೆಲ್ಲ ಕಂಪನಿಯದೇ ಅಂತ ಕಾನೂನು, ನಿಂದು ಅನ್ನೋದಕ್ಕೆ ಬಿಲ್ಲಿದೆಯಾ ಎಂದ. ಸತ್ತ ಸೋದರತ್ತೆ ಬಿಲ್ಲು ಕೊಡುತ್ತಾಳೆಯೇ? ಬಂಡೆಕ್ಕನ ಪಿತ್ತ ನೆತ್ತಿಗೇರಿತು. ಹಾಗಿದ್ರೆ ಕಾಂಪೌಂಡಿನ ಒಳಗೆ ನಾನೂ ನಿಂತಿದೀನಿ, ನಂಗೂ ಅಂಟಿಸಿಬಿಡಿ ಚೀಟಿ ಎಂದಳು. ಸಾಹೇಬ ನಗಲಿಲ್ಲ. ಅವನಿಗೆ ಬೇರೆಯದೇ ಚಿಂತೆ. ಹಿಂದಿನ ದಿನ ಒಂದು ಮಿಷನ್ನು ಓಡಿಸಿ ನೋಡಿದ್ದರು. ಅದು ನೆಟ್ಟಗೆ ನಡೆದುಹೋಗಿ ಗಾಜಿನ ಬಾಗಿಲು ಒಡೆದಿತ್ತು. ಇವತ್ತು ಹಾಸ್ಟೆಲ್ ಯಜಮಾನನೊಬ್ಬ ಬರುವವನಿದ್ದ. ಮಿಷನ್ನು ಓಡುವುದು ಕಣ್ಣಾರೆ ಕಂಡರೆ ಗೋದಾಮಿನಲ್ಲಿ ಇದ್ದಷ್ಟನ್ನೂ ಒಟ್ಟಿಗೇ ಎತ್ತಿಕೊಳ್ಳುತ್ತೇನೆಂದಿದ್ದ.

ಸಾಹೇಬ ದನಿ ತಗ್ಗಿಸಿದ. "ನೀವು ಹೆಂಗಸರು ಹಿಡ್ಕೊಂಡು ನಿಲ್ತಿದ್ರಂತಲ್ಲ. ಇವತ್ತೊಂದು ದಿನ ನಿಂತುಬಿಡಿ. ನಿನ್ನ ಚೀಟಿ ವಿಷಯ ನಾನು ನೋಡ್ತೀನಿ."

ಬಂಡೆಕ್ಕ ಓಣಿಗೆ ಓಡಿದಳು. ಹೆಂಗಸರೆಲ್ಲ ಮೊದಲು ಮೂಗು ಮುರಿದರು. ಮುಂಗೈಯ ಪಟ್ಟಿ ಇನ್ನೂ ಮಾಸಿಲ್ಲ, ಮತ್ತೆ ಅಲ್ಲಿಗಾ ಎಂದರು. ದೊಡ್ಡಮ್ಮ ಮಾತ್ರ ಚಪ್ಪಲಿ ಮೆಟ್ಟಿಕೊಂಡು ಎದ್ದಳು. "ನಿನ್ನ ಮಿಷನ್ನಿಗಾದ್ರೆ ಬರ್ತೀನಿ. ಅವನಿಗಾದ್ರೆ ಉಗಿಯೋಕೂ ಬರಲ್ಲ." ದೊಡ್ಡಮ್ಮ ಎದ್ದಮೇಲೆ ಉಳಿದವರು ಕೂರುವಂತಿರಲಿಲ್ಲ.

ಹೀಗೆ ಗೋಡೆಯ ಹಿಂದೆ ಮತ್ತೆ ಸಾಲು ನಿಂತಿತು. ಅದೇ ಕತ್ತಲೆ, ಅದೇ ಪ್ಲೈವುಡ್ಡಿನ ಅಂಟು ವಾಸನೆ. ಬಂಡೆಕ್ಕ ಹಿಂದೊಮ್ಮೆ ಕತ್ತರಿಯ ಮೊನೆಯಿಂದ ಕೊರೆದಿದ್ದ ಇಣುಕುಗಿಂಡಿ ಇನ್ನೂ ಹಾಗೇ ಇತ್ತು. ಅದಕ್ಕೆ ಕಣ್ಣಿಟ್ಟಳು. ಕೋಣೆಯ ಆ ಮೂಲೆಯಲ್ಲಿ ಅವಳ ಹೊಲಿಗೆ ಮಿಷನ್ನು ನಿಂತಿತ್ತು. ಬೀಗ ಬೀಳುವ ಹಿಂದಿನ ದಿನ ಅವಳು ಅರ್ಧ ಹೊಲಿದಿದ್ದ ಮುಸುಕು ಸೂಜಿಯ ಕೆಳಗೆ ಹಾಗೆಯೇ ಸಿಕ್ಕಿಕೊಂಡಿತ್ತು. ದಾರವೂ ಕಡಿದಿರಲಿಲ್ಲ. ಚೀಟಿಯೂ ಹಾಗೆಯೇ ಇತ್ತು.

ಹರಾಜು ಕೂಗುವವನ ದನಿ ಗಟ್ಟಿ, ಬಾಯಿ ಚುರುಕು. ಕುರ್ಚಿಗಳು ಹೋದವು. ಮೇಜುಗಳು ಹೋದವು. ಸಂಸಾರದ ಬ್ಯಾನರನ್ನು ಎಷ್ಟು ಕೂಗಿದರೂ ಯಾರೂ ಕೇಳಲಿಲ್ಲ. ಕಸದ ಬುಟ್ಟಿ ತೆಗೆದುಕೊಂಡವನಿಗೆ ಅದನ್ನು ಪುಕ್ಕಟೆ ಸುತ್ತಿಕೊಟ್ಟ. ಗೋಡೆಯ ಹಿಂದೆ ಕಡ್ಡಿಯ ಭುಜ ಆಗಲೇ ಕುಲುಕತೊಡಗಿತ್ತು. ಅವಳಿಗೆ ಬಂಡೆಕ್ಕ ಕಣ್ಣು ಬಿಟ್ಟಳು. ಎಲ್ಲರೂ ಬಾಯಿಗೆ ಬಟ್ಟೆ ತುರುಕಿಕೊಂಡರು.

ಹಾಸ್ಟೆಲ್ ಯಜಮಾನ ಬಂದ. ಓಡಿಸಿ ನೋಡೋಣ ಎಂದ. ಧಾರಾಳವಾಗಿ ಎಂದ ಸಾಹೇಬ. ಪ್ರತಿಯೊಂದರೊಳಗೂ ಟವೆಲ್ಲು ತುಂಬಿ, ಬೇಗ ಮುಗಿಯುವ ಒಗೆತದ ಗುಂಡಿ ಒತ್ತಿದರು. ನೀರು ಇಳಿಯಿತು. ಹೆಂಗಸರು ತೋಳು ತೂರಿಸಿ ತಬ್ಬಿದರು. ತಗಡು ತಣ್ಣಗಿತ್ತು. ಡ್ರಮ್ಮು ಮೆಲ್ಲಗೆ ಆಚೆ ಈಚೆ ಹೊರಳುತ್ತಿತ್ತು. ಹಿಂಡುವ ಹೊತ್ತು ಬರುವತನಕ ಸುಮ್ಮನೆ ಯಾಕೆ ನಿಲ್ಲಬೇಕೆಂದು ಕೂಗುವವನು ಚಿಲ್ಲರೆ ಸಾಮಾನಿಗೆ ಕೈ ಹಾಕಿದ. ಒಂದು ಏಣಿ ಹೋಯಿತು. ಒಂದು ಕನ್ನಡಿ ಹೋಯಿತು. ಆಮೇಲೆ ಅವನು ಹೊಲಿಗೆ ಮಿಷನ್ನಿನ ತಲೆಯ ಮೇಲೆ ಕೈ ಇಟ್ಟ.

ಹಳೇ ಕಾಲದ ಗಟ್ಟಿ ಮಾಲು ಎಂದ. ಕಾಫಿ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ಹೆಂಗಸು ಹತ್ತಿರ ಬಂದು, ಕಾಲನ್ನು ಮುಟ್ಟಿ ನೋಡಿ, ಜೊತೆಯವಳಿಗೆ ಹೇಳಿದಳು. "ಮೇಲಿಂದು ಆ ಕಪ್ಪು ತಲೆ ಕಿತ್ತು ಎಸೆದ್ರಾಯ್ತು. ಒಂದು ಗಾಜು ಕೂರಿಸಿದ್ರೆ ಚೆಂದದ ಟೇಬಲ್ಲು."

ಬಂಡೆಕ್ಕ ಬಾಯಿಯ ಬಟ್ಟೆ ಉಗಿದಳು. "ಸಾಹೇಬ್ರೇ, ಅದು ನಂದು."

ಕೋಣೆಯ ಜನವೆಲ್ಲ ಗೋಡೆಯ ಕಡೆ ತಿರುಗಿದರು. ಆಚೆ ಕೋಣೆಯ ರೇಡಿಯೋ ಎಂದ ಸಾಹೇಬ. ತುದಿಗಾಲಲ್ಲಿ ಓಡಿ ಗೋಡೆಯ ಹಿಂದೆ ಬಂದ. ಬೆವರು ಒರೆಸಿಕೊಂಡು ಅವಳ ಕಿವಿಯ ಹತ್ತಿರ ಬಗ್ಗಿದ. ಇನ್ನೇನು ಮುಗಿದೇಹೋಯಿತು, ಹೀಗೆ ಮಾನ ಕಳೀಬೇಡ, ಅಂಥ ತುಕ್ಕು ಮಿಷನ್ ಗುಜರಿಯಲ್ಲಿ ಬೇಕಾದಷ್ಟು ಸಿಗತ್ತೆ ಎಂದು ಪಿಸುಗುಟ್ಟಿದ.

"ಚೀಟಿ ತೆಗೀತೀನಿ ಅಂದ್ರಿ."

"ನೋಡ್ತೀನಿ ಅಂದೆ. ತೆಗೀತೀನಿ ಅಂದಿದ್ನಾ?"

ಅವಳು ಅವನ ಮುಖ ನೋಡಿದಳು. ಅವಳ ಎರಡೂ ಕೈ ತೂತಿನಾಚೆ ಇದ್ದವು. ಕಪಾಳಕ್ಕೆ ಬಿಗಿಯೋಣವೆಂದರೂ ಕೈಗೆ ಬಿಡುವಿಲ್ಲ. ಅವನಿಗೂ ಅದು ಗೊತ್ತಿತ್ತು. ಅದಕ್ಕೇ ಅಷ್ಟು ಹತ್ತಿರ ಬಂದಿದ್ದ. ಆಚೆ ಕೂಗುವವನು ಕಾಫಿ ಅಂಗಡಿಯಾಕೆ ಹೇಳಿದ ಬೆಲೆಗೆ ಒಂದನೇ ಸಲ ಎಂದ. ಅದೇ ಹೊತ್ತಿಗೆ ನೀರು ಬಸಿದು, ಡ್ರಮ್ಮು ಹಿಂಡಲು ಶುರು ಮಾಡಿತು.

ಮೊದಲು ಕಾಲ ಬೆರಳು ಅಲುಗಿದವು. ಆಮೇಲೆ ತೊಡೆ. ಆಮೇಲೆ ಹೊಟ್ಟೆ, ಎದೆ, ಗಲ್ಲ. ಸಾಲಿನ ಹೆಂಗಸರೆಲ್ಲ ಕಣ್ಣು ಮುಚ್ಚಿ, ಕೆನ್ನೆ ಒತ್ತಿ, ಹಲ್ಲು ಕಚ್ಚಿ ನಿಂತಿದ್ದರು. ಬಂಡೆಕ್ಕ ಅವರನ್ನು ನೋಡಿದಳು. ದೊಡ್ಡಮ್ಮನ ನರೆಗೂದಲು ಗಡಗಡ ನಡುಗುತ್ತಿತ್ತು. ಯಾವನೋ ಉಳಿಸಿದ ಕಲ್ಲಿನ ದುಡ್ಡಿಗೆ ಈ ಮುದಿ ಎದೆ. ಎರಡನೇ ಸಲ ಎಂಬ ಕೂಗು ಕೇಳಿತು. ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಬಂದದ್ದು ನಗುವಿನ ಬೆನ್ನು ಹತ್ತಿ ಬಂತು. ಅವಳು ಸಾಹೇಬನ ಮುಖಕ್ಕೇ ನಕ್ಕಳು.

"ಬಿಡ್ತೀನಿ" ಎಂದಳು.

"ಏನು ಬಿಡ್ತೀಯಾ?"

"ಕೈ ಬಿಡ್ತೀನಿ. ಎಲ್ಲ ಬಿಡ್ರೇ."

ಬಿಟ್ಟರು.

ಅಯ್ಯೋ, ಆಮೇಲೆ ನಡೆದದ್ದನ್ನು ಏನೆಂದು ಹೇಳಲಿ. ಮಿಷನ್ನುಗಳು ಒಂದು ಗಳಿಗೆ ನಂಬಲಾರದೆ ನಿಂತವು. ಆಮೇಲೆ ಜಿಗಿದವು. ಇಷ್ಟು ಕಾಲ ತಬ್ಬಿಸಿಕೊಂಡು ಬೇಸತ್ತಿದ್ದವೋ ಏನೋ, ಸಾಲು ಬಿಟ್ಟು ಧಡಬಡ ಹೊರಟವು. ಕೊಳವೆಗಳು ಕಿತ್ತವು. ನೀರು ಚಿಮ್ಮಿತು. ನೊರೆ ಉಕ್ಕಿತು. ಒಂದು ಮಿಷನ್ನು ಹಾಸ್ಟೆಲ್ ಯಜಮಾನನನ್ನೇ ಗುರಿಯಿಟ್ಟು ಹೋಯಿತು, ಅವನು ಮಾರಾಟವಾಗಿದ್ದ ಕುರ್ಚಿ ಹತ್ತಿ ನಿಂತ. ಇನ್ನೊಂದು ಕೂಗುವವನ ಮೇಜಿಗೆ ಗುಮ್ಮಿತು. ಮೂರನೇ ಸಲ ಎನ್ನಲು ಬಾಯಿ ತೆರೆದವನ ಬಾಯಿ ಹಾಗೇ ಉಳಿಯಿತು, ಕೈಯ ಸುತ್ತಿಗೆ ನೊರೆಯಲ್ಲಿ ಮುಳುಗಿತು. ಕಾಫಿ ಅಂಗಡಿಯಾಕೆ ಬಾಗಿಲ ಕಡೆ ಜಾರಿಕೊಂಡು ಹೋಗಿ ಜೊತೆಯವಳನ್ನು ತಬ್ಬಿ ಕೂತಳು. ಕೊನೆಯದೊಂದು ಮಿಷನ್ನು ಸುಳ್ಳು ಗೋಡೆಯ ತೂತಿಗೆ ಕೊಳವೆ ಸಿಕ್ಕಿಸಿಕೊಂಡು ಮುಂದಕ್ಕೆ ಎಳೆಯಿತು. ಗೋಡೆ ಕಿರ್ರೆಂದಿತು. ಆಮೇಲೆ ಅಡುಗೆಮನೆಯ ಚಿತ್ರದ ಸಮೇತ ಮುಂದಕ್ಕೆ ಮಲಗಿಬಿಟ್ಟಿತು.

ಗೋಡೆ ಹೋದಮೇಲೆ ಉಳಿದವರು ಹೆಂಗಸರು. ಸಾಲಾಗಿ ನಿಂತು, ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಸುರಿಸಿಕೊಂಡು ನಗುತ್ತಿದ್ದರು. ಕಡ್ಡಿ ನೆಲಕ್ಕೇ ಕೂತಿದ್ದಳು. ದೊಡ್ಡಮ್ಮ ನಗುತ್ತ ನಗುತ್ತ, ನಾನು ಮತ್ತೆ ಒದ್ದೆಯಾದೆ ಕಣ್ರೇ ಎಂದಳು. ಎಲ್ಲರೆದುರು, ಗಟ್ಟಿಯಾಗಿ ಅಂದಳು. ಈ ಸಲ ಅವಳಿಗೆ ನಾಚಿಕೆಯಾಗಲಿಲ್ಲ. ಅವರ ನಡುವೆ ಸಾಹೇಬ ಒಬ್ಬನೇ ನಗದೆ ನಿಂತಿದ್ದ. ಯಾರೋ ಓಡಿಹೋಗಿ ಕರೆಂಟು ತೆಗೆದರು. ಮಿಷನ್ನುಗಳು ನಿಂತಲ್ಲೇ ನಿಂತವು. ನಗು ಮಾತ್ರ ನಿಲ್ಲಲಿಲ್ಲ.

ಹಾಸ್ಟೆಲ್ ಯಜಮಾನ ಕುರ್ಚಿಯ ಮೇಲಿಂದಲೇ ಹೆಂಗಸರನ್ನು ನೋಡಿದ. ಮಿಷನ್ನು ನೋಡಿದ. ಅವನಿಗೆ ಅರ್ಥವಾಯಿತು. ವ್ಯಾಪಾರಿ ಮನುಷ್ಯ, ಸಾಹೇಬನ ಕಡೆ ತಿರುಗಿ ಕೇಳಿದ. "ಈ ಹೆಂಗಸ್ರೂ ಮಿಷನ್ ಜೊತೆಗೇ ಬರ್ತಾರಾ?"

ನಗು ನಿಂತಿತು.

ಸಾಹೇಬ ಬಾಯಿ ತೆರೆಯುವಷ್ಟರಲ್ಲಿ ಬಂಡೆಕ್ಕ ನೊರೆ ದಾಟಿ ಕುರ್ಚಿಯ ಎದುರು ಬಂದಳು. ಎರಡೂ ಮುಂಗೈ ಎತ್ತಿ ಅವನ ಮೂಗಿನ ಮುಂದೆ ಹಿಡಿದಳು. "ಇದು ನೋಡಿ. ಅದರ ಹೊಟ್ಟೇಲಿ ಒಂದು ಕಲ್ಲು ಇರಬೇಕಿತ್ತು. ಕಲ್ಲಿನ ಜಾಗದಲ್ಲಿ ನಮ್ಮನ್ನ ನಿಲ್ಸಿದ್ರು. ನಾವು ಕಲ್ಲಲ್ಲ. ಬೇಕಿದ್ರೆ ಕಲ್ಲು ಹಾಕಿಸ್ಕೊಳ್ಳಿ."

ಯಜಮಾನ ಕುರ್ಚಿಯಿಂದ ಇಳಿದು, ಪ್ಯಾಂಟು ಮೇಲೆತ್ತಿಕೊಂಡು ಹೊರನಡೆದ. ಅವನ ಹಿಂದೆ ಉಳಿದವರೂ ಹೊರಟರು. ಕುರ್ಚಿ ಕೊಂಡವರು ಕುರ್ಚಿ ಹೊತ್ತುಕೊಂಡರು, ಏಣಿ ಕೊಂಡವನು ಏಣಿ ಹೊತ್ತ.

ಬಂಡೆಕ್ಕ ತನ್ನ ಹೊಲಿಗೆ ಮಿಷನ್ನಿನ ಹತ್ತಿರ ಹೋದಳು. ಮೂರನೇ ಸಲ ಯಾರೂ ಕೂಗಿರಲಿಲ್ಲ. ಹೆಂಗಸರನ್ನು ಕರೆದಳು. ಕರೆಯುವ ಮೊದಲೇ ಬಂದಿದ್ದರು. ತಬ್ಬುವುದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸುತ್ತಲೂ ತೋಳು ಹಾಕಿ, ಒಂದೇ ಉಸಿರಿಗೆ ಎತ್ತಿದರು. ಸಾಹೇಬ ಹಿಂದಿನಿಂದ ಕಳ್ಳತನ, ಪೊಲೀಸು ಎಂದೆಲ್ಲ ಕೂಗುತ್ತ ನೊರೆಯಲ್ಲಿ ಜಾರುತ್ತಿದ್ದ. ಗೇಟು ಹಾಕಿಸಲು ಫೋನು ಮಾಡಿದ. ಹೆಂಗಸರು ಗೇಟು ಮುಟ್ಟುವಷ್ಟರಲ್ಲಿ ಕಾವಲುಗಾರ ಅದನ್ನು ಎಳೆದು ಮುಚ್ಚಿ ನಿಂತಿದ್ದ.

"ಪಾಸ್ ಇಲ್ದೆ ಬಿಡೋ ಹಾಗಿಲ್ಲ ಅಕ್ಕಾ" ಎಂದ. ಪಾಪ, ನೆಲ ನೋಡಿಕೊಂಡು ಅಂದ.

"ಬಿಡಬೇಡ ಬಿಡು" ಎಂದಳು ಬಂಡೆಕ್ಕ. "ಇಲ್ಲೇ ಇಳಿಸ್ರೇ."

ಗೇಟಿನ ನಟ್ಟನಡುವೆ ಇಳಿಸಿದರು. ಒಬ್ಬಳು ಕಾವಲುಗಾರನ ಮುಕ್ಕಾಲಿಯನ್ನೇ ಎಳೆದು ಕೊಟ್ಟಳು. ಬಂಡೆಕ್ಕ ಕೂತಳು. ಸೂಜಿಯ ಕೆಳಗೆ ಅರ್ಧ ಹೊಲಿದ ಮುಸುಕು ಇತ್ತಲ್ಲ, ಅದರ ಅಂಚು ಸರಿಮಾಡಿಕೊಂಡಳು. ಅಷ್ಟರಲ್ಲಿ ಹಿಂದೆ ಹಾಸ್ಟೆಲ್ ಯಜಮಾನನ ಕಾರು ಬಂದು ನಿಂತಿತು. ಅದರ ಹಿಂದೆ ಕುರ್ಚಿ ತುಂಬಿದ ವ್ಯಾನು, ಅದರ ಹಿಂದೆ ಇನ್ನೊಂದು. ಕಾವಲುಗಾರ ಗೇಟು ತೆರೆದ, ಆದರೆ ತೆರೆದು ಏನು ಬಂತು? ನಡುವೆ ಹೊಲಿಗೆ ಮಿಷನ್ನು, ಸುತ್ತ ಹೆಂಗಸರು. ಹಾರನ್ನು ಶುರುವಾಯಿತು. ಎಲ್ಲರೂ ಸೇರಿ ಬಡಿದರು. ಬಂಡೆಕ್ಕ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಸಾಹೇಬ ಓಡಿ ಬಂದ. ಬೂಟಿನಿಂದ ನೊರೆ ಪಚಪಚ ಉಕ್ಕುತ್ತಿತ್ತು. ಕಾರಿನೊಳಗಿಂದ ಯಜಮಾನ ಅವನಿಗೆ ಬಾಯಿಗೆ ಬಂದಂತೆ ಬೈದ. ಸಾಹೇಬ ಹೆಂಗಸರನ್ನು ನೋಡಿದ, ಕಾರುಗಳನ್ನು ನೋಡಿದ. ಅವನ ನಯವೆಲ್ಲ ತೊಳೆದುಹೋಗಿತ್ತು.

"ತಗೊಂಡು ಹೋಗಮ್ಮ ತಾಯಿ. ದಾರಿ ಬಿಡು."

"ಚೀಟಿ" ಎಂದಳು ಬಂಡೆಕ್ಕ.

"ಕಿತ್ತುಕೊಂಡು ಹೋಗು."

"ನಾನಲ್ಲ. ನೋಡ್ತೀನಿ ಅಂದಿದ್ದು ನೀವು. ನೋಡಿ."

ಸಾಹೇಬ ಬಗ್ಗಿದ. ಚೀಟಿಯನ್ನು ಗಟ್ಟಿಯಾಗಿ ಅಂಟಿಸಿದ್ದರು, ಅವನೇ ಅಂಟಿಸಿದ್ದು. ಉಗುರಿನಿಂದ ಕೆರೆದು ಕೆರೆದು ಚೂರು ಚೂರಾಗಿ ತೆಗೆದ. ಹಾರನ್ನು ಬಡಿಯುತ್ತಲೇ ಇತ್ತು. ಕೊನೆಯ ಚೂರು ಬಂದಾಗ ಅವನ ಹಣೆಯ ಬೆವರು ಅದರ ಕಪ್ಪು ಮೈಯ ಮೇಲೆ ತೊಟ್ಟಿಕ್ಕಿತು. ಬಂಡೆಕ್ಕ ಅದನ್ನು ಮುಸುಕಿನ ತುದಿಯಿಂದ ಒರೆಸಿದಳು.

ಇನ್ನಾದರೂ ಏಳು ಎಂದ.

"ಇರಿ. ಈ ಅಂಚು ಮುಗೀಲಿ."

ಅವಳು ಗಾಲಿಗೆ ಕೈ ಕೊಟ್ಟು, ಕಾಲಲ್ಲಿ ತುಳಿದಳು. ಹಳೇ ಮಿಷನ್ನು, ಬಹಳ ದಿನ ಸುಮ್ಮನಿದ್ದದ್ದು, ಒಮ್ಮೆ ಕೆಮ್ಮಿ, ಆಮೇಲೆ ಟಕಟಕ ಎಂದು ಓಡತೊಡಗಿತು. ಸದ್ದು ಏರಿದ್ದೇ ತಡ, ಸುತ್ತ ನಿಂತ ಹೆಂಗಸರೆಲ್ಲ ರೂಢಿಯ ಮೇಲೆ ಒಟ್ಟಿಗೇ ತೋಳು ಚಾಚಿ ಬಂದುಬಿಟ್ಟರು. ಕಡ್ಡಿ ಆಗಲೇ ಕೆನ್ನೆ ಒತ್ತಿ, ಕಣ್ಣು ಮುಚ್ಚಿ, ಹಲ್ಲು ಕಚ್ಚಿದ್ದಳು.

ಬಂಡೆಕ್ಕ ತುಳಿಯುವುದನ್ನು ನಿಲ್ಲಿಸಲಿಲ್ಲ. "ಕೈ ತೆಗೀರೇ" ಎಂದಳು.

ಒಬ್ಬೊಬ್ಬರೇ ಕೈ ತೆಗೆದರು. ಕಡ್ಡಿ ಕೊನೆಗೆ ತೆಗೆದಳು, ತೆಗೆದೂ ಎರಡು ಗಳಿಗೆ ಹತ್ತಿರವೇ ಹಿಡಿದುಕೊಂಡಿದ್ದಳು. ಸೂಜಿ ಓಡಿತು. ಅಂಚು ಸರಿಯಿತು. ಮಿಷನ್ನು ಇಟ್ಟಲ್ಲೇ ನಿಂತಿತ್ತು. ಅದನ್ನು ಯಾರೂ ಹಿಡಿದುಕೊಂಡಿರಲಿಲ್ಲ.